ಅಂಗುಲಕ್ಕೆ ಹನ್ನೆರಡು ಹೊಲಿಗೆ

ಚರ್ಮದ ಕೆಲಸವನ್ನು ಹವ್ಯಾಸವಾಗಿ ಹಿಡಿದವರು ಈಚೆಗೆ ನನ್ನನ್ನು ಹುಡುಕಿಕೊಂಡು ಚಿಕ್ಕೋಡಿಯ ಮನೆಗೆ ಬರುತ್ತಾರೆ. ನಿಪ್ಪಾಣಿಯಿಂದ ಔಷಧದ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳು ಬಂದಿದ್ದರು. ರಾಯಬಾಗದ ಉಪನ್ಯಾಸಕರೊಬ್ಬರು ತಾವೇ ಹೊಲಿದ ಪಾಕೀಟನ್ನು ತೋರಿಸಲು ಬಂದಿದ್ದರು. ಫೋನಿನಲ್ಲಿ ಹತ್ತಾರು ಯಂತ್ರಗಳ ಚಿತ್ರ ತೋರಿಸಿ ಎಲ್ಲರೂ ಕೇಳುವುದು ಒಂದೇ ಮಾತು: "ಅಕ್ಕಾರ, ಇದರಾಗ ಯಾವ ಮಷೀನ ತಗೊಳ್ಳಲಿ?"

ಉತ್ತರ ಕೊಡುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಹೊಲಿಯುವ ವಸ್ತುವಿನ ಮೇಲೆ ಯಾರ ಭಾರ ಬೀಳುತ್ತದೆ? ಬಂದವರು ನಗುತ್ತಾರೆ. ಪಾಕೀಟಿನ ಮೇಲೆ ಯಾರ ಭಾರ ಬೀಳಲು ಸಾಧ್ಯ ಎನ್ನುತ್ತಾರೆ. ಅವರ ಮಾತು ಸರಿಯಾಗಿಯೇ ಇದೆ. ಆದರೂ ಆ ಪ್ರಶ್ನೆಯನ್ನು ಕೇಳದೆ ಯಂತ್ರದ ವಿಷಯ ಮಾತಾಡುವ ಧೈರ್ಯ ನನಗೆ ಇಲ್ಲ. ಅದರ ಕಾರಣವನ್ನು ಬಾಯಿಮಾತಿನಲ್ಲಿ ಹೇಳಲು ಹೋದಾಗಲೆಲ್ಲ ಮಾತು ತಪ್ಪಿದೆ. ಆದುದರಿಂದ ಬರೆಯುತ್ತಿದ್ದೇನೆ.

ನಾನು ಅಥಣಿಯ ಚಪ್ಪಲಿ ಮಾಡುವ ಮನೆತನದವಳು. ನಮ್ಮ ಓಣಿಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಓದುವಾಗ ಬಿಡುವಿನಲ್ಲಿ ಬಟ್ಟೆ ಹೊಲಿಯುವುದನ್ನು ಕಲಿತೆ. ಪದವಿಯ ನಂತರ ಪರವೂರಿನಲ್ಲಿ ಚರ್ಮ ಹೊಲಿಯುವ ಯಂತ್ರದ ತರಬೇತಿಯನ್ನೂ ಮುಗಿಸಿದೆ. ಆಮೇಲೆ ನಮ್ಮೂರಿನದೇ ಒಂದು ತರಬೇತಿ ಕೇಂದ್ರದಲ್ಲಿ ಬೋಧಕಿಯಾದೆ. ನನ್ನ ಮುಂದೆ ಕಲಿಯಲು ಕೂತವರಲ್ಲಿ ಅರ್ಧದಷ್ಟು ಜನ ನನಗಿಂತ ಚೆನ್ನಾಗಿ ಕೆಲಸ ಬಲ್ಲ ಹೆಂಗಸರು. ಎಲ್ಲಿ ತಪ್ಪುತ್ತೇನೋ, ಯಾರು ಕಂಡುಹಿಡಿಯುತ್ತಾರೋ ಎಂಬ ಅಂಜಿಕೆಯಲ್ಲಿ ದಿನವೂ ಬೆಳಿಗ್ಗೆ ಪಾಠವನ್ನು ಎರಡು ಸಲ ಓದಿಕೊಂಡು ಹೋಗುತ್ತಿದ್ದೆ. ತಪ್ಪಿದ್ದು ಮಾತ್ರ ನಾನು ಎಂದೂ ಅಂಜದಿದ್ದ ಜಾಗದಲ್ಲಿ.

ಮೊದಲು ಯಂತ್ರದ ವಿಷಯವನ್ನು ಹೇಳಿಬಿಡುತ್ತೇನೆ. ಮನೆಯಲ್ಲಿರುವ ಬಟ್ಟೆಯ ಯಂತ್ರದಲ್ಲಿ ತೆಳುವಾದ ಮೇಕೆಯ ಚರ್ಮವನ್ನು, ಅದೂ ಎರಡು ಪದರವನ್ನು, ನಿಧಾನವಾಗಿ ಹೊಲಿಯಬಹುದು. ಅದಕ್ಕಿಂತ ದಪ್ಪದ್ದನ್ನು ಒತ್ತಾಯದಿಂದ ತೂರಿಸಿದರೆ ಯಂತ್ರ ಎರಡು ಹೊಲಿಗೆ ಹಾಕಿ ಮೂರನೆಯದನ್ನು ಬಿಡುತ್ತದೆ. ಆ ಯಂತ್ರ ಚರ್ಮವನ್ನು ಕೆಳಗಿನ ಹಲ್ಲಿನಿಂದ ಮಾತ್ರ ಎಳೆಯುತ್ತದೆ. ಮೇಲಿನ ಪಾದಕ್ಕೆ ಚರ್ಮ ಅಂಟಿಕೊಂಡು ಮೇಲಿನ ಪದರ ಹಿಂದೆ ಉಳಿಯುತ್ತದೆ. ಸೂಜಿ, ಪಾದ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುವ ಯಂತ್ರ ನಿಮಗೆ ಬೇಕು. ಸೋಫಾ ಮತ್ತು ವಾಹನದ ಸೀಟು ಹೊಲಿಯುವವರ ಬಳಿ ಅಂಥವು ಇರುತ್ತವೆ, ಹಳೆಯವು ಮಾರಾಟಕ್ಕೂ ಸಿಗುತ್ತವೆ. ಬೆಲ್ಟು, ಪಾಕೀಟುಗಳಿಗೆ ಚಪ್ಪಟೆ ಹಾಸಿನ ಯಂತ್ರ ಸಾಕು. ಚೀಲ, ಬೂಟುಗಳಂಥ ಟೊಳ್ಳು ವಸ್ತುಗಳಿಗೆ ಕೊಳವೆಯಂತೆ ಚಾಚಿದ ತೋಳಿನ ಯಂತ್ರ ಅನುಕೂಲ.

ಹಳೆಯ ಯಂತ್ರ ನೋಡಲು ಹೋಗುವಾಗ ನಿಮ್ಮದೇ ಚರ್ಮವನ್ನೂ ನಿಮ್ಮದೇ ದಾರವನ್ನೂ ಒಯ್ಯಿರಿ. ಮಾರುವವರು ತಮ್ಮ ಮೆತ್ತನೆಯ ತುಂಡಿನ ಮೇಲೆ ಹೊಲಿದು ತೋರಿಸುತ್ತಾರೆ; ಅದನ್ನು ನೋಡಿ ಒಪ್ಪಬಾರದು. ಮೊದಲು ಚಕ್ರವನ್ನು ಕೈಯಿಂದ ತಿರುಗಿಸಿ ಹತ್ತು ಹೊಲಿಗೆ ಹಾಕಿ, ತುಂಡನ್ನು ಮಗುಚಿ ಹಿಂಬದಿಯನ್ನು ನೋಡಬೇಕು. ಯಂತ್ರದ ನಿಜವಾದ ಗುಣ ಹಿಂಬದಿಯಲ್ಲಿ ಕಾಣುತ್ತದೆ.

ಮೋಟಾರಿನ ವಿಷಯದಲ್ಲಿ ನನ್ನ ಎಡಗೈಯ ತೋರುಬೆರಳೇ ಸಾಕ್ಷಿ. ನಮ್ಮ ಕೇಂದ್ರದ ಯಂತ್ರದಲ್ಲಿ ಹಳೆಯ ಮಾದರಿಯ ಮೋಟಾರಿತ್ತು. ಪೆಡಲಿನ ಮೇಲೆ ಪಾದ ಇಟ್ಟರೆ ಸುಮ್ಮನಿರುತ್ತಿತ್ತು. ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ಬುಲೆಟ್ ಗಾಡಿಯಂತೆ ಓಡುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೆಳಿಗ್ಗೆ ಸೂಜಿ ನನ್ನ ಉಗುರಿನ ಮೂಲಕ ಇಳಿದು ಮುರಿಯಿತು. ಆ ನೋವಿಗಿಂತ, ಕಲಿಯುವವರ ಎದುರು ಕೂಗಿಕೊಂಡೆನಲ್ಲ ಎಂಬ ನಾಚಿಕೆಯೇ ಹೆಚ್ಚಾಗಿತ್ತು. ಈಗ ವೇಗವನ್ನು ತಿರುಪಿನಿಂದ ಕಟ್ಟಿಹಾಕುವ ಮೋಟಾರುಗಳು ಬಂದಿವೆ. ಯಂತ್ರ ಹಳೆಯದಾದರೂ ಮೋಟಾರು ಅಂಥದ್ದೇ ಇರಲಿ. ತಿರುಪನ್ನು ಎಲ್ಲಕ್ಕಿಂತ ಕಡಿಮೆಗೆ ಇಟ್ಟು ಒಂದು ತಿಂಗಳು ಹೊಲಿಯಿರಿ.

ಇನ್ನು ನನ್ನ ತಪ್ಪು.

ಕೊಕಟನೂರಿನಲ್ಲಿ ಬಾಳಪ್ಪ ಎಂಬ ಪಂಪಿನ ಮೇಸ್ತ್ರಿ ಇದ್ದ. ಸುತ್ತಲಿನ ದ್ರಾಕ್ಷಿ ತೋಟಗಳ ತೆರೆದ ಬಾವಿಗಳಲ್ಲಿ ಮೋಟಾರು ಕೆಟ್ಟರೆ ಅವನೇ ಇಳಿಯಬೇಕು. ಬೇಸಿಗೆಯಲ್ಲಿ ನೀರು ಕೆಳಗೆ ಹೋದಂತೆ ಪಂಪನ್ನೂ ಬಾವಿಯೊಳಗಿನ ಕೆಳಗಿನ ಕಟ್ಟೆಗೆ ಇಳಿಸಬೇಕಾಗುತ್ತಿತ್ತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದು ಇಳಿದು ಅವನ ಪಕ್ಕೆಗಳಲ್ಲಿ ಕಪ್ಪು ಗೆರೆ ಬಿದ್ದಿತ್ತು. ಒಂದು ದಿನ ಕೇಂದ್ರಕ್ಕೆ ಬಂದು, ಅಗಲವಾದ ಚರ್ಮದ ಪಟ್ಟಿ ಮಾಡಿ ಬೆನ್ನಿಗೆ ಬಳೆಯಂಥ ಕಬ್ಬಿಣದ ಕಡಾ ಹೊಲಿದುಕೊಡಬೇಕೆಂದು ಕೇಳಿದ. ಹಗ್ಗವನ್ನು ಆ ಕಡಾಕ್ಕೆ ಕಟ್ಟುವುದು ಅವನ ಲೆಕ್ಕಾಚಾರ.

ನಮ್ಮ ಮುಖ್ಯಸ್ಥರು ಹಿಗ್ಗಿದರು. ಯಂತ್ರ ಬಂದು ವರ್ಷವಾದರೂ ಊರಿನವರು ಅದನ್ನು ನಂಬಿರಲಿಲ್ಲ. "ಕೈಲೆ ಹೊಲಿಯೂದು ಮುಗದ ಹೋತ್ರಿ, ಬಾಯಾರ. ಮಷೀನದ ತಾಕತ್ತ ಜನಕ್ಕ ಗೊತ್ತಾಗಲಿ. ಗಚ್ಚಿ ಹೊಲದ ಕೊಡ್ರಿ," ಎಂದರು.

ನಾನು ಗಟ್ಟಿಯಾಗಿಯೇ ಹೊಲಿದೆ. ಬಟ್ಟೆಯಲ್ಲಿ ಹೊಲಿಗೆ ಹತ್ತಿರವಾದಷ್ಟೂ ಜೋಡಣೆ ಬಲವಾಗುತ್ತದೆ. ಇದು ನಾನು ಚೆನ್ನಾಗಿ ಕಲಿತಿದ್ದ ಪಾಠ. ಯಂತ್ರವನ್ನು ಅಂಗುಲಕ್ಕೆ ಹನ್ನೆರಡು ಹೊಲಿಗೆಗೆ ಹೊಂದಿಸಿ, ಕಡಾದ ಪಕ್ಕದಲ್ಲಿ ಪಟ್ಟಿಯ ಅಡ್ಡಕ್ಕೆ, ಈ ಅಂಚಿನಿಂದ ಆ ಅಂಚಿನವರೆಗೆ, ನಾಲ್ಕು ಸಾಲು ಹಾಕಿದೆ. ಪ್ರತಿ ಸಾಲಿನ ತುದಿಯಲ್ಲಿ ಹಿಂದೆ ಮುಂದೆ ಮೂರು ಸಲ ಓಡಿಸಿದೆ. ಅಚ್ಚು ಹಾಕಿದಂತಿದ್ದ ಆ ಹೊಲಿಗೆಯನ್ನು ಮುಖ್ಯಸ್ಥರು ಬಂದವರಿಗೆಲ್ಲ ತೋರಿಸಿದರು. ಬಾಳಪ್ಪ ಪಟ್ಟಿಯನ್ನು ಕಟ್ಟಿಕೊಂಡು, ಎದೆ ಉಬ್ಬಿಸಿ, "ಇನ್ನ ಪಾತಾಳಕ್ಕ ಬೇಕಾದ್ರೂ ಇಳಿತೇನ್ರಿ, ಅಕ್ಕಾರ," ಎಂದು ಹೇಳಿ ಹೋದ.

ಮೂರನೆಯ ದಿನ ಮಧ್ಯಾಹ್ನ ನನ್ನ ಚಿಗವ್ವ ಗಂಗವ್ವ ಕೇಂದ್ರಕ್ಕೆ ಬುತ್ತಿ ತಂದಳು. ಅವ್ವನ ತಂಗಿಯಾದ ಅವಳು ಅಕ್ಷರ ಕಲಿತವಳಲ್ಲ. ನಲವತ್ತು ವರ್ಷ ಚಪ್ಪಲಿ ಹೊಲಿದವಳು. ಪಟ್ಟಿಗೆ ಮೊದಲು ಪರೀಕ್ಷೆಗೆಂದು ಅದೇ ಚರ್ಮದ ತುಂಡಿನ ಮೇಲೆ ಹಾಕಿದ ಹೊಲಿಗೆ ಮೇಜಿನ ಮೇಲಿತ್ತು. ಹೊಗಳಿಸಿಕೊಳ್ಳುವ ಆಸೆಯಿಂದ ನಾನೇ ಅದನ್ನು ಅವಳ ಕೈಗೆ ಕೊಟ್ಟೆ.

ಅವಳು ಹೊಗಳಲಿಲ್ಲ. ಬೆಳಕಿಗೆ ಹಿಡಿದಳು. ಹೊಲಿಗೆಯ ಗೆರೆಯ ಮೇಲೆ ತುಂಡನ್ನು ಆ ಕಡೆ ಈ ಕಡೆ ನಾಲ್ಕು ಸಲ ಮಡಚಿದಳು. ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು ಇನ್ನೊಂದನ್ನು ಎರಡೂ ಕೈಯಿಂದ ಜಗ್ಗಿದಳು. ಅಂಚೆಚೀಟಿಯ ಹಾಳೆ ಹರಿದಂತೆ ಚರ್ಮ ಹೊಲಿಗೆಯ ಸಾಲಿನಗುಂಟ ಬಿಟ್ಟುಕೊಂಡಿತು. ದಾರ ಒಂದೂ ಹರಿದಿರಲಿಲ್ಲ.

"ಇದೇನ ಮಾಡೀದಿ, ಮಗಳ? ತೊಗಲ ಹೊಲದಿಯೋ, ಜರಡಿ ಮಾಡೀದಿಯೋ?"

"ಗಟ್ಟಿ ಆಗ್ಲಿ ಅಂತ ಸಣ್ಣ ಸಣ್ಣ ಹಾಕೇನಿ, ಚಿಗವ್ವ."

"ಬಟ್ಟಿ-ಅರಿವಿಗೆ ಸೂಜಿ ಚುಚ್ಚಿದರ ಎಳಿ ಸರದು ಜಾಗಾ ಕೊಡತಾವ. ತೊಗಲದಾಗ ಸರಿಯಾಕ ಏನೈತಿ? ತೂತ ಅಂದ್ರ ತೂತ. ಅದೂ ಅಡ್ಡಕ್ಕ ಹಾಕೀಯಲ್ಲ! ಎದಕ್ಕ ಹೊಲದಿ ಇದನ್ನ?"

ಬಾವಿಗೆ ಇಳಿಯುವವನ ಪಟ್ಟಿಗೆ ಎಂದೆ. ಚರ್ಮದ ಸೂಜಿಯ ತುದಿ ದುಂಡಗಿರುವುದಿಲ್ಲ. ಅದು ಸಣ್ಣ ಚಾಕುವಿನಂತೆ ಕೊಯ್ಯುತ್ತ ಇಳಿಯುತ್ತದೆ. ನಾನು ಒಬ್ಬ ಮನುಷ್ಯನ ಬೆನ್ನಿನ ಹಿಂದೆ ಒತ್ತೊತ್ತಾಗಿ ನೂರಾರು ಸಲ ಕೊಯ್ದು, ಅದಕ್ಕೆ ಬಲ ಎಂದು ಹೆಸರಿಟ್ಟು ಕಳಿಸಿದ್ದೆ.

ಬಾಳಪ್ಪನ ಫೋನಿಗೆ ಕರೆ ಮಾಡಿದೆ. ಉದ್ದಕ್ಕೆ ಗಂಟೆ ಬಾರಿಸಿ ನಿಂತಿತು. ಮತ್ತೆ ಮಾಡಿದೆ. ಮೂರನೆಯ ಸಲ ಒಬ್ಬ ಹೆಂಗಸು ಎತ್ತಿದಳು.

"ಯಾರ್ರಿ?"

"ಬಾಳಪ್ಪ ಅದಾನೇನ್ರಿ? ಅಥಣಿಯಿಂದ ಮಾತಾಡಾಕತ್ತೇನಿ."

"ಮೇಸ್ತ್ರಿ ನಮ್ಮ ಬಾವ್ಯಾಗ ಇಳದಾನ್ರಿ. ಅಂಗಿ, ಫೋನ ಎಲ್ಲಾ ಮ್ಯಾಲ ಇಟ್ಟಾನ."

ಅವನು ಈಗ ತೂಗುತ್ತಿದ್ದಾನೋ, ನಿಂತಿದ್ದಾನೋ ಎಂದು ಕೇಳಿದೆ. ಬಾವಿಯೊಳಗಿನ ಕಟ್ಟೆಯ ಮೇಲೆ ನಿಂತು ಬೋಲ್ಟು ಬಿಚ್ಚುತ್ತಿದ್ದಾನೆ ಎಂದಳು. ಯಾವ ತೋಟವೆಂದು ಕೇಳಿದ್ದಕ್ಕೆ ಗುರುತನ್ನೂ ಹೇಳಿದಳು.

"ಅವನ್ನ ಮ್ಯಾಲ ಎಳಿಬ್ಯಾಡ್ರಿ! ನಾ ಬರೂಮಟಾ ಯಾರೂ ಹಗ್ಗ ಜಗ್ಗಬ್ಯಾಡ್ರಿ. ಆ ಪಟ್ಟಿ ಹರೀತೈತಿ. ಅವಗ ಕೂಗಿ ಹೇಳ್ರಿ, ಕಟ್ಟಿ ಬಿಟ್ಟ ಅಳಗಾಡಬ್ಯಾಡ ಅಂತ."

"ಅಯ್ಯ ನಮ್ಮವ್ವ!" ಎಂದ ಆ ಹೆಂಗಸು ಫೋನನ್ನು ಕೈಯಲ್ಲಿ ಹಿಡಿದೇ ಓಡಿದಳು. ಅವಳ ಉಸಿರು, ದೂರದ ಕೂಗು ಕೇಳಿಸಿದವು. ಆಮೇಲೆ ಕರೆ ನಿಂತಿತು.

ಚಿಗವ್ವನನ್ನು ಹಿಂದೆ ಕೂಡಿಸಿಕೊಂಡು ಸ್ಕೂಟರಿನಲ್ಲಿ ಹೊರಟೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆಯುತ್ತ ರಸ್ತೆಯ ತುಂಬ ಹೋಗುತ್ತಿತ್ತು. ಅದರ ಹಿಂದೆ ಕಳೆದ ಹೊತ್ತು ನನ್ನ ಜೀವನದ ಅತ್ಯಂತ ದೀರ್ಘವಾದ ಹೊತ್ತು. ಅವನ ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅದರ ಜೊತೆಗೇ, ನೌಕರಿ ಹೋದರೆ ಓಣಿಯವರಿಗೆ ಏನು ಹೇಳಲಿ ಎಂಬ ಯೋಚನೆಯೂ ಬಂತು. ಆ ಎರಡನೆಯ ಯೋಚನೆಗಾಗಿ ನಾನು ಇಂದಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ಬಾವಿಯ ಸುತ್ತ ಏಳೆಂಟು ಜನ ನಿಂತಿದ್ದರು. ನಾನು ಅಂಚಿಗೆ ಹೋಗಿ ಬಗ್ಗಿದೆ. ಬಹಳ ಕೆಳಗೆ, ಎರಡು ಚಾಪೆಯಷ್ಟು ಅಗಲದ ಕಟ್ಟೆಯ ಮೇಲೆ, ಬಾಳಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

"ಏನಾತ್ರಿ, ಅಕ್ಕಾರ? ಊಟದ ಹೊತ್ತಾತು, ಯಾರೂ ಮ್ಯಾಲ ತಗೀವಲ್ಲರು. ಇಲ್ಲೇ ಸಂಸಾರ ಹೂಡಲೇನು?"

"ಪಟ್ಟಿ ಬಿಚ್ಚು, ಬಾಳಪ್ಪ. ಬ್ಯಾರೆ ಹಗ್ಗ ಬಿಡತೇವಿ, ಅದನ್ನ ಬಗಲಿಗೆ ಕಟ್ಟಕೊ."

ಚಿಗವ್ವ ತೋಟದ ಮನೆಯಿಂದ ಹಗ್ಗದ ಹೊರಸು ಮಂಚ ತರಿಸಿದಳು. ಅದರ ನಾಲ್ಕು ಕಾಲಿಗೆ ಹಗ್ಗ ಕಟ್ಟಿಸಿ, ಪ್ರತಿ ಗಂಟನ್ನೂ ತಾನೇ ಜಗ್ಗಿ ನೋಡಿ, ಕೆಳಗೆ ಬಿಡಿಸಿದಳು. ಬಾಳಪ್ಪ ಬಗಲಿಗೆ ಇನ್ನೊಂದು ಹಗ್ಗ ಬಿಗಿದುಕೊಂಡು ಹೊರಸಿನ ಮೇಲೆ ಕೂತ. ಎಂಟು ಜನ ಎಳೆದರು. ಅವನ ತಲೆ ಬಾವಿಯ ಅಂಚಿಗೆ ಬರುವವರೆಗೆ ನಾನು ಹಗ್ಗವನ್ನು ಮಾತ್ರ ನೋಡುತ್ತಿದ್ದೆ.

ಪಟ್ಟಿಯನ್ನು ಅವನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಇಳಿಯುವಾಗ ಬಿದ್ದ ಭಾರಕ್ಕೇ ಕಡಾದ ಪಕ್ಕದಲ್ಲಿ, ಮೊದಲ ಸಾಲಿನಗುಂಟ, ಮೂರು ಬೆರಳಿನಷ್ಟು ಬಾಯಿ ಬಿಟ್ಟಿತ್ತು. ಅವನು ಆ ಬಿರುಕಿನಲ್ಲಿ ಬೆರಳು ತೂರಿಸಿದ. ಬೆರಳು ಆಚೆ ಬಂದದ್ದನ್ನು ನೋಡುತ್ತ ಅಲ್ಲೇ ಕುಕ್ಕರಿಸಿದ.

"ನಂದ ತಪ್ಪು," ಎಂದೆ. "ಮಷೀನದ್ದಲ್ಲ."

"ಕಲತಾಕಿ ಅಂತ ನಾವೂ ಕೇಳಲಿಲ್ಲ," ಎಂದಳು ಚಿಗವ್ವ. "ಕೇಳಬೇಕಾಗಿತ್ತು."

ಮರುದಿನ ಮುಖ್ಯಸ್ಥರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಅವರು ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟರು. "ಯಾರಿಗೂ ಏನೂ ಆಗಿಲ್ಲಲ್ರಿ? ನಿಮ್ಮ ಕೈಯಾರೆ ಬರದ ಯಾಕ ಸಿಕ್ಕೊಳ್ಳತೀರಿ?" ಎಂದರು. ನನ್ನ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ. ನಾನು ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡೆ. ಆದರೆ ತರಗತಿಯಲ್ಲಿ ಹರಿದ ಪಟ್ಟಿಯನ್ನು ಎಲ್ಲರ ಕೈಗೂ ಕೊಟ್ಟು, ಇದು ನಾನು ಹೊಲಿದದ್ದು ಎಂದು ಹೇಳಿದೆ. ನಿವೃತ್ತಳಾಗುವವರೆಗೆ ಪ್ರತಿ ಹೊಸ ತಂಡಕ್ಕೂ ಹೇಳಿದೆ.

ಹೊಸಬರು ಇಲ್ಲಿ ಗಮನಿಸಬೇಕಾದದ್ದು ಇಷ್ಟು. ದಪ್ಪ ಚರ್ಮಕ್ಕೆ ಅಂಗುಲಕ್ಕೆ ಐದು ಅಥವಾ ಆರು ಹೊಲಿಗೆ ಸಾಕು. ಎಳೆತ ಬೀಳುವ ದಿಕ್ಕಿಗೆ ಉದ್ದಕ್ಕೆ ಹೊಲಿಯಿರಿ. ಅಡ್ಡಕ್ಕೆ ಅಂಚಿನಿಂದ ಅಂಚಿಗೆ ಎಂದೂ ಹೊಲಿಯಬೇಡಿ. ಕೊನೆಯಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ, ಹಳೆಯ ತೂತುಗಳಲ್ಲೇ ಎರಡು ಹೊಲಿಗೆ ಹಿಂದೆ ಬಂದರೆ ಸಾಕು. ಪದರಗಳನ್ನು ಹಿಡಿದಿಡಲು ಗುಂಡುಸೂಜಿ ಬೇಡ, ಚಿಮಟಿಗೆಯಂಥ ಕ್ಲಿಪ್ಪು ಬಳಸಿ. ಹತ್ತಿಯ ದಾರ ಬೆವರಿಗೆ ಕೊಳೆಯುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ದಾರ ಇರಲಿ. ದಾರಕ್ಕೆ ಸೂಜಿ ಹೊಂದುತ್ತದೆಯೇ ಎಂದು ತಿಳಿಯಲು, ಸೂಜಿಗೆ ದಾರ ಪೋಣಿಸಿ ದಾರವನ್ನು ಇಳಿಜಾರಾಗಿ ಬಿಗಿದು ಹಿಡಿಯಿರಿ. ಸೂಜಿ ತಾನಾಗಿ ಜಾರಿದರೆ ಸರಿ. ತಡೆದರೆ ಒಂದು ಅಳತೆ ದೊಡ್ಡ ಸೂಜಿ ಬೇಕು. ಪಟ್ಟಿಗಳನ್ನು ಬೆನ್ನಿನ ಭಾಗದ ಚರ್ಮದಲ್ಲೇ ಕತ್ತರಿಸಿ. ಹೊಟ್ಟೆಯ ಭಾಗ ಮೆತ್ತಗೆ, ಸುಂದರವಾಗಿ ಕಾಣುತ್ತದೆ, ಆದರೆ ಎಳೆದಷ್ಟೂ ಹಿಗ್ಗುತ್ತದೆ.

ಬಾಳಪ್ಪ ಎಂಟು ದಿನ ಬಿಟ್ಟು ಮತ್ತೆ ಬಂದ. ಹೊಸ ಪಟ್ಟಿ ಬೇಕು ಎಂದ. ನಾನು ಆಗುವುದಿಲ್ಲವೆಂದೆ.

"ತಪ್ಪು ಗೊತ್ತಾದವರು ನೀವೊಬ್ಬರೇ ಅದೀರಿ, ಅಕ್ಕಾರ. ಬ್ಯಾರೆಯವರ ಕಡೆ ಹೋದ್ರ ಅವರು ನನ್ನ ಮ್ಯಾಲ ಕಲಿತಾರ," ಎಂದ. "ಆದ್ರ ಈ ಸಲ ಮೊದಲ ನೀವ ಕಟ್ಟಕೊಂಡ ತೂಗಬೇಕು."

ಚಿಗವ್ವ ಬೆನ್ನಿನ ಚರ್ಮ ಆರಿಸಿದಳು. ಅವಳು ಚೂಪು ಮೊನೆಯ ಆರಿಯಿಂದ ತೂತು ಹಾಕಿದಂತೆ ನಾನು ಮೇಣದ ದಾರವನ್ನು ಎರಡೂ ಕಡೆಯಿಂದ ಎಳೆಯುತ್ತ ಕೈಯಲ್ಲೇ ಹೊಲಿದೆ. ಚರ್ಮ ಕಡಾವನ್ನು ಸುತ್ತಿ ಒಂದು ಗೇಣು ಹಿಂದಕ್ಕೆ ಬಂದಿತ್ತು, ಹೊಲಿಗೆಯೆಲ್ಲ ಉದ್ದಕ್ಕೆ. ಕೇಂದ್ರದ ಹಿಂದಿನ ಬೇವಿನ ಕೊಂಬೆಗೆ ಹಗ್ಗ ಹಾಕಿ, ಸೀರೆಯ ಸೆರಗನ್ನು ಬಿಗಿದು, ಪಟ್ಟಿ ಕಟ್ಟಿಕೊಂಡೆ. ಬಾಳಪ್ಪನೇ ಹಗ್ಗ ಎಳೆದ. ನೆಲ ಬಿಟ್ಟು ಒಂದು ಮಾರು ಮೇಲೆ ಹೋದಾಗ ಚರ್ಮ ಕಿರ್ ಎಂದಿತು. ನಾನು ಕಣ್ಣು ಮುಚ್ಚಿಕೊಂಡೆ.

"ಹೆದರಿಕಿ ಆತೇನ್ರಿ?"

"ಆತು."

"ನಂಗ ದಿನಾ ಹಿಂಗ ಆಗ್ತೈತ್ರಿ," ಎಂದು ಮೆಲ್ಲಗೆ ಇಳಿಸಿದ.

ಅಂದಿನಿಂದ ಒಂದು ಕರಾರು. ಪ್ರತಿ ವರ್ಷ ಬೇಸಿಗೆಗೆ ಮುಂಚೆ ಅವನು ಪಟ್ಟಿಯನ್ನು ತಂದು ತೋರಿಸಬೇಕು. ನಾನು ಪ್ರತಿ ಹೊಲಿಗೆಯನ್ನೂ ನೋಡಿ, ಎಣ್ಣೆ ಹಚ್ಚಿ, ಅನುಮಾನ ಬಂದರೆ ಬಿಚ್ಚಿ ಹೊಲಿಯಬೇಕು. ಅವನು ಪ್ರತಿ ವರ್ಷವೂ ಬಂದ. ಅವನು ಪಟ್ಟಿ ತೆಗೆದುಕೊಂಡು ಹೋದ ದಿನದಿಂದ ಮೊದಲ ಮಳೆ ಬೀಳುವವರೆಗೆ, ಗುರುತಿಲ್ಲದ ಸಂಖ್ಯೆಯಿಂದ ಫೋನ್ ಬಂದರೆ ಎತ್ತುವ ಮೊದಲೇ ಎದ್ದು ನಿಲ್ಲುತ್ತಿದ್ದೆ. ಜನ ನನ್ನನ್ನು ಶಿಸ್ತಿನ ಬೋಧಕಿ ಎನ್ನುತ್ತಿದ್ದರು. ಅದು ಶಿಸ್ತಲ್ಲ, ಅಂಜಿಕೆ.

ನಿವೃತ್ತಳಾಗಿ ನಾನು ಚಿಕ್ಕೋಡಿಗೆ ಬಂದು ನೆಲೆಸಿದ ಮರುವರ್ಷ ಅವನು ಬರಲಿಲ್ಲ. ಬಿಸಿಲು ಏರಿತು, ಬಾವಿಗಳು ಇಳಿದವು. ಫೋನ್ ಮಾಡಿದರೆ ಎತ್ತಲಿಲ್ಲ. ಚಿಗವ್ವ ಆ ವೇಳೆಗೆ ತೀರಿಕೊಂಡಿದ್ದಳು. ಕೇಳಲು ಯಾರೂ ಇರಲಿಲ್ಲ. ನಾಲ್ಕು ದಿನ ತಡೆದೆ. ಐದನೆಯ ದಿನ ಬೆಳಿಗ್ಗೆ ಚಿಕ್ಕೋಡಿಯಿಂದ ಬಸ್ಸು ಹಿಡಿದು, ಅಥಣಿಯಲ್ಲಿ ಬದಲಾಯಿಸಿ, ಕೊಕಟನೂರಿಗೆ ಹೋದೆ. ಅವನ ಮನೆಯ ಓಣಿಯಲ್ಲಿ ಮಂದಿ ಸೇರಿರಬಹುದೇ ಎಂದು ತಿರುವಿನಲ್ಲಿ ಒಂದು ಗಳಿಗೆ ನಿಂತೆ. ಯಾರೂ ಇರಲಿಲ್ಲ. ಅವನ ಹೆಂಡತಿ ಶಾಂತವ್ವ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು, ನನ್ನ ಮುಖ ನೋಡದೆ, ಒಳಗೆ ಕೂಗಿದಳು: "ರೀ, ಅಕ್ಕಾರ ಬಂದಾರ. ನೀವ ಹೇಳ್ರಿ, ನಾ ಹೇಳಂಗಿಲ್ಲ."

ಬಾಳಪ್ಪ ತನ್ನೆರಡು ಕಾಲಿನ ಮೇಲೆ ಹೊರಗೆ ಬಂದ. ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟೆ.

"ಸಿಟ್ಟಾಗಬ್ಯಾಡ್ರಿ," ಎಂದ. "ನಿಮ್ಮ ಫೋನ ಬಂದಾಗೆಲ್ಲ ಹೆಂಗ ಹೇಳಲಿ ಅಂತ ಅಂಜಿ ಬಿಟ್ಟೆ. ಕೊಲ್ಲಾಪುರದಾಗ ಇದನ್ನ ತಗೊಂಡೇನಿ."

ಗೂಟದಿಂದ ಇಳಿಸಿ ನನ್ನ ಮಡಿಲಲ್ಲಿ ಇಟ್ಟ. ಕಾರ್ಖಾನೆಯಲ್ಲಿ ಮಾಡಿದ, ಭಾರ ಹಾಕಿ ಪರೀಕ್ಷಿಸಿದ ಮುದ್ರೆ ಇದ್ದ ನೈಲಾನ್ ಪಟ್ಟಿ. ಹೆಗಲಿಗೆ, ಎದೆಗೆ, ತೊಡೆಗೆ ಪಟ್ಟಿಗಳು. ಚೀಟಿಯನ್ನು ಎರಡು ಸಲ ಓದಿದೆ. ಬಕ್ಕಲುಗಳನ್ನು ಹಾಕಿ ತೆಗೆದೆ. ಪ್ರತಿ ಜೋಡಣೆಯನ್ನೂ ಮಗುಚಿ ಹಿಂಬದಿಯನ್ನು ನೋಡಿದೆ. ನಾನು ಹೊಲಿದ ಯಾವುದಕ್ಕಿಂತಲೂ ಅದು ಸುಭದ್ರವಾಗಿತ್ತು.

ಹವ್ಯಾಸಿಗಳೇ, ಪಾಕೀಟು ಮಾಡಿ, ಚೀಲ ಮಾಡಿ, ಚಪ್ಪಲಿ ಮಾಡಿ, ಪುಸ್ತಕಕ್ಕೆ ಹೊದಿಕೆ ಮಾಡಿ. ಮನುಷ್ಯನ ಜೀವ ತೂಗುವ ವಸ್ತುವನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಕೇಳಲು ಬಂದವರು ಎಷ್ಟೇ ಆಪ್ತರಾಗಿರಲಿ, ಪರೀಕ್ಷೆಯಾದದ್ದನ್ನು ಕೊಳ್ಳಲು ಕಳಿಸಿ. ನಾನು ಮೊದಲ ದಿನವೇ ಹಾಗೆ ಕಳಿಸಬೇಕಿತ್ತು.

"ಹಳೇದು ಎಲ್ಲೈತಿ?" ಎಂದು ಕೇಳಿದೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಂತವ್ವ ಹಿತ್ತಲಿನಲ್ಲಿ ಕಟ್ಟಿದ್ದ ಗಂಡು ಮೇಕೆಯ ಕಡೆ ಕೈ ತೋರಿಸಿದಳು. "ಹೋತಕ್ಕ ಕಟ್ಟೇವ್ರಿ. ಮೂರ ಹಗ್ಗ ಹರದಿತ್ತ, ಮೂಳ. ನಿಮ್ಮ ಪಟ್ಟಿ ಹರೀಲಿಲ್ಲ ನೋಡ್ರಿ."

ನಾನು ನಕ್ಕೆ. ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂದು ನಿಲ್ಲದಾಯಿತು. ಬಾಳಪ್ಪ ಗಾಬರಿಯಾಗಿ, "ಬಿಚ್ಚಿ ಕೊಡ್ತೇನ್ರಿ, ಅಕ್ಕಾರ, ಈಗ ಬಿಚ್ಚಿ ಕೊಡ್ತೇನಿ," ಎಂದು ಎದ್ದ. ಬೇಡವೆಂದು ಕೈಸನ್ನೆ ಮಾಡಿದೆ.

ಶಾಂತವ್ವ ಊಟಕ್ಕೆ ಎಬ್ಬಿಸಿದಳು. ಬೇಸಿಗೆ ಬಂದರೆ ನನಗೆ ಅನ್ನ ಸೇರದಿರುವುದು ಅಭ್ಯಾಸವಾಗಿ ಹೋಗಿತ್ತು. ಅದು ಬಿಸಿಲಿನ ಗುಣವೆಂದೇ ತಿಳಿದಿದ್ದೆ. ಆ ದಿನ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಎರಡು ರೊಟ್ಟಿ ಮುಗಿದಾಗ ಅವಳು ಸಂಕೋಚದಿಂದ, "ಇನ್ನೊಂದು ಹಾಕಲೇನ್ರಿ?" ಎಂದಳು.

"ಹಾಕವ್ವ," ಎಂದೆ.